ಮುಚ್ಚದ ಬೆರಳುಗಳು

ನನ್ನ ಸೋದರಮಾವ ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಹಾಕಿದವರು. ಊರಿಗೆಲ್ಲ ಅವರು ಪ್ಲಾಸ್ಟರ್ ಮಾಮ. ಕೆಲಸದಲ್ಲಿ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕು, ಮಾತಿನಲ್ಲಿ ಮಾತ್ರ ಮಹಾ ಜಿಪುಣ. ರೋಗಿ ಎಷ್ಟೇ ಕಿರುಚಾಡಲಿ, ಅವರದು ಒಂದೇ ಮಾತು: "ಬೆರಳು ಆಡಿಸಿ." ಆಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಡುತ್ತಿದ್ದರು. ಬೆಳ್ಳಗಾದ ಉಗುರು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಎಂದರ್ಥ. ಕೆಂಪಾಗುವವರೆಗೆ ಯಾರನ್ನೂ ಮನೆಗೆ ಕಳಿಸುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಮಾಮ ಮಂಕಾಗಿಬಿಟ್ಟರು. ಆಗ ಒಬ್ಬಳು ಶಿಲ್ಪಿ ಮನೆ ಹುಡುಕಿಕೊಂಡು ಬಂದಳು. ಆಸ್ಪತ್ರೆಗೆ ನೂರು ವರ್ಷ ತುಂಬುತ್ತಿತ್ತು. ಮುಚ್ಚಿದ್ದ ಹಳೆಯ ವಾರ್ಡಿನಲ್ಲಿ ಹತ್ತು ಮಂಚ ಹಾಕಿ, ಒಂದೊಂದರ ಮೇಲೂ ಒಂದೊಂದು ಕಾಲದ ರೋಗಿಯ ಮೈಯ ಭಾಗವನ್ನು ಪ್ಲಾಸ್ಟರಿನಲ್ಲಿ ಮಾಡಿ ಮಲಗಿಸುವುದು ಅವಳ ಯೋಜನೆ. ಪೋಲಿಯೊ ಕಾಲು, ಗೂನು ಬೆನ್ನು, ಕ್ಷಯದ ಎದೆಗೂಡು. ಬದುಕಿರುವವರ ಮೈಮೇಲೇ ಅಚ್ಚು ತೆಗೆಯಬೇಕು. ಮಾಮನ ಮುಖಕ್ಕೆ ಕಳೆ ಬಂತು.

ಮೊದಲ ಮೂರು ಕಾಲುಗಳ ಅಚ್ಚು ಬಿಚ್ಚಿದರೆ, ಒಂದಕ್ಕೂ ಬೆರಳಿಲ್ಲ!

"ಬೆರಳೆಲ್ಲಿ ಸಾರ್?" ಎಂದಳು ಶಿಲ್ಪಿ.

"ಬೆರಳು ಮುಚ್ಚಬಾರದಮ್ಮಾ."

"ಅಯ್ಯೋ, ಇವರ ಕಾಲೇನು ಮುರಿದಿದ್ಯಾ? ಕಾಲು ಗಂಟೆ ಇಟ್ಟು ಬಿಚ್ಚೋದು ತಾನೇ?"

"ಗೊತ್ತು," ಎಂದರು ಮಾಮ. ಆದರೂ ನಾಲ್ಕನೆಯ ಕಾಲಿನಲ್ಲೂ ಒದ್ದೆ ಪ್ಲಾಸ್ಟರಿನ ಪಟ್ಟಿ ಬೆರಳಿನ ಬುಡದಲ್ಲೇ ನಿಂತಿತು. ಶಿಲ್ಪಿ ತಲೆ ಚಚ್ಚಿಕೊಂಡು, ಇನ್ನೊಂದು ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಳು.

ಕಾರಣ ನಮ್ಮ ಮನೆಯವರಿಗೆ ಮಾತ್ರ ಗೊತ್ತು. ಅಮ್ಮ ಹದಿಮೂರು ವರ್ಷದವಳಿದ್ದಾಗ ಕಾಲು ಮುರಿದುಕೊಂಡಿದ್ದಳು. ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಅಣ್ಣನೇ ಪ್ಲಾಸ್ಟರ್ ಹಾಕಿದ. ತಂಗಿಗೆ ಚಳಿಯಾಗದಿರಲಿ ಎಂದು ಬೆರಳುಗಳನ್ನೂ ಸುತ್ತಿಬಿಟ್ಟ. ನೋವೆಂದು ಅತ್ತರೆ, ಮುರಿದ ಮೇಲೆ ನೋಯದೆ ಇರುತ್ತಾ ಎಂದ. ನಾಲ್ಕನೇ ದಿನ ಬಿಚ್ಚಿದಾಗ, ರಕ್ತ ಓಡದೆ ಬೆರಳುಗಳು ಕಪ್ಪಾಗಿದ್ದವು. ಪಾದವನ್ನೇ ತೆಗೆಯಬೇಕಾಯಿತು. ಅಂದಿನಿಂದ ಇಬ್ಬರೂ ಆ ಬಗ್ಗೆ ತುಟಿಪಿಟಕ್ಕೆಂದಿಲ್ಲ. ಅಮ್ಮನ ಕೃತಕ ಪಾದದ ಬೆಲ್ಟ್ ಸವೆದರೆ ಮಾಮ ಬಂದು ಹೊಸದು ಹಾಕಿ ಹೋಗುತ್ತಾರೆ, ತಲೆ ಎತ್ತುವುದಿಲ್ಲ. ನನಗಂತೂ ಇಬ್ಬರ ಮೇಲೂ ಸಿಟ್ಟು.

ಬಾಯಿ ತಡೆಯಲಾರದೆ ನಾನೇ ಶಿಲ್ಪಿಯ ಮಾತನ್ನು ಅಮ್ಮನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಅಮ್ಮ ನನ್ನ ಜೊತೆ ಆ ಹಳೇ ವಾರ್ಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಉಳಿದಿದ್ದ ಪಾದವನ್ನು ಚಾಚಿದಳು.

"ಹಾಕಣ್ಣಾ. ಬೆರಳೂ ಸೇರಿಸಿ."

"ಬೇಡ ಕಣೇ."

"ಇರೋದು ಇದೊಂದೇ, ಗೊತ್ತು. ಹಾಕು."

ಮಾಮ ವ್ಯಾಸಲೀನ್ ಸವರಿದರು. ಹಿಮ್ಮಡಿಯಿಂದ ಹೊರಟ ಪಟ್ಟಿ ಬೆರಳಿನ ಬುಡಕ್ಕೆ ಬಂದು ನಿಂತಿತು. ತುಂಬಾ ಹೊತ್ತಾದ ಮೇಲೆ ಪಟ್ಟಿ ಮುಂದಕ್ಕೆ ಹೋಯಿತು. ಮುಗಿದದ್ದೇ ತಡ, ಮಾಮನ ಹಳೇ ಚಾಳಿ: "ಬೆರಳು ಆಡಿಸು."

"ಅಯ್ಯೋ, ಅಲ್ಲಾಡಿಸ್ಬೇಡಿ!" ಎಂದು ಶಿಲ್ಪಿ ಕೂಗುವಷ್ಟರಲ್ಲಿ ಅಮ್ಮ ಆಡಿಸಿಯಾಗಿತ್ತು.

"ಇನ್ನೊಂದ್ಸಲ," ಎಂದರು ಮಾಮ.

"ಆಡಿಸ್ತಾನೇ ಇದೀನಲ್ಲಣ್ಣಾ. ಐದೂ ಆಡ್ತಿವೆ."

ಅಚ್ಚು ಕೆಟ್ಟಿತು. ಬೆರಳುಗಳು ಕಲಸಿಹೋಗಿ, ಐದರ ಜಾಗದಲ್ಲಿ ಏಳೆಂಟಿದ್ದಂತೆ ಕಂಡವು. ಶಿಲ್ಪಿ ತಿರುಗಿಸಿ ತಿರುಗಿಸಿ ನೋಡಿ, "ಇದು ಹೀಗೇ ಇರಲಿ, ಬೆರಳಿಲ್ಲದ ಆ ನಾಲ್ಕೂ ಹಾಗೇ ಇರಲಿ," ಎಂದಳು.

ಪ್ರದರ್ಶನದ ದಿನ ಮಾಮ ಅಮ್ಮನ ಪಾದದ ಅಚ್ಚಿದ್ದ ಕೊನೆಯ ಮಂಚದ ಪಕ್ಕ ನಿಂತು ಪ್ಲಾಸ್ಟರಿನ ಹೆಬ್ಬೆರಳನ್ನು ಒತ್ತಿ ಬಿಟ್ಟರು. ಕಾದರು. ಮತ್ತೆ ಒತ್ತಿದರು. ನೋಡಲಾರದೆ ನನಗೆ ಅಳು ಬಂತು.

ಅಮ್ಮ ಚಪ್ಪಲಿ ಬಿಟ್ಟು ಪಾದವನ್ನು ಮುಂದಿಟ್ಟಳು. "ಅದು ಬಿಳೀನೇ ಇರುತ್ತಣ್ಣಾ. ಇಲ್ಲಿ ನೋಡು."

ಮಾಮ ನೆಲಕ್ಕೆ ಕೂತು ಉಗುರು ಒತ್ತಿದರು. ಬೆಳ್ಳಗಾಯಿತು. ಕೆಂಪಾಯಿತು.

"ಅವತ್ತು ನೋವು ಅಂದಾಗ್ಲೇ ಬಿಚ್ಚಬೇಕಿತ್ತು ಕಣೇ ನಾನು," ಎಂದರು.

"ಹೂಂ, ಬಿಚ್ಚಬೇಕಿತ್ತು," ಎಂದಳು ಅಮ್ಮ. ಆಮೇಲೆ ಅವರ ಭುಜ ಹಿಡಿದು ಎಬ್ಬಿಸಿದಳು. "ಈಗ ಕೆಂಪಾಯ್ತಲ್ಲ. ನಡಿ, ಮನೆಗೆ ಹೋಗೋಣ."