ನೆಲ ಮುಟ್ಟಬಾರದ ಕಾಲು

ಬೆಳಗಿನ ಮಬ್ಬು ಇನ್ನೂ ಹರಿದಿಲ್ಲ. ಆದಿವಾಲ ಹಳ್ಳಿಯ ಕೊನೆಯ ಮನೆಯ ಹಿತ್ತಿಲಲ್ಲಿ ಜುಂಜಯ್ಯ ಉದ್ದನೆಯ ಬಿದಿರುಗೋಲಿನಿಂದ ಕುಳ್ಳಿನ ರಾಶಿಯನ್ನು ತಟ್ಟುತ್ತಿದ್ದಾರೆ. ತಟ್ಟುತ್ತಾರೆ, ನಿಲ್ಲುತ್ತಾರೆ, ಕಿವಿಗೊಡುತ್ತಾರೆ. ಹಿಂದೆ ಬುಟ್ಟಿ ಹಿಡಿದು ನಿಂತ ಆ ಮನೆಯ ಸೊಸೆ ಕಾಳಕ್ಕನಿಗೆ ಒಲೆ ಹಚ್ಚುವ ಅವಸರ.

"ತಾತ, ನೀನು ತಟ್ಟಿ ಮುಗಿಸೋದ್ರಾಗೆ ಹೊತ್ತು ನೆತ್ತಿಗೆ ಬರ್ತೈತೆ" ಎಂದು ರೇಗಿಸುತ್ತಾಳೆ.

"ಬರ್ಲಿ ಬಿಡವ್ವ. ಅವಸರ ಮಾಡಿದ್ದಕ್ಕೇ ಅಲ್ಲೇನು ಹೋದ ತಿಂಗಳು ಹುಳ ಮುಟ್ಟಿದ್ದು" ಎನ್ನುತ್ತಾರೆ ಜುಂಜಯ್ಯ. ಈ ಕಡೆಯ ಜನ ಹಾವನ್ನು ಹುಳ ಎನ್ನುತ್ತಾರೆ, ಕಚ್ಚಿತು ಎನ್ನದೆ ಮುಟ್ಟಿತು ಎನ್ನುತ್ತಾರೆ. ಹೆಸರು ಹಿಡಿದು ಕರೆದರೆ ಬಂದುಬಿಟ್ಟೀತೆಂಬ ಭಯ.

ಹಿರಿಯೂರು ಸೀಮೆಯಲ್ಲಿ ಹಾವಿನ ಮಂತ್ರ ಬಲ್ಲವರೆಂದರೆ ಜುಂಜಯ್ಯ. ಮಂತ್ರಗಾರನೆಂದು ಜಡೆ, ವಿಭೂತಿ, ಕೆಂಗಣ್ಣು ಹುಡುಕಿಕೊಂಡು ಬಂದವರಿಗೆ ನಿರಾಶೆಯಾಗುತ್ತದೆ. ಅರವತ್ತು ದಾಟಿದ ಸಣಕಲು ದೇಹ, ತೂತುಬಿದ್ದ ಕಂಬಳಿ, ಮುಂದಿನ ಎರಡು ಹಲ್ಲಿಲ್ಲದ ನಗು, ಇಷ್ಟೇ. ದಿನಾ ಬೆಳಗ್ಗೆ ಹತ್ತು ಹನ್ನೆರಡು ಮನೆಗಳ ಹಿತ್ತಿಲು ಸುತ್ತುತ್ತಾರೆ. ಹುಲ್ಲಿನ ಬಣವೆಗೆ ಬರಿಗೈ ಹಾಕಬೇಡಿ, ಅಂಗಳದಲ್ಲಿ ಕಾಳು ಚೆಲ್ಲಬೇಡಿ, ಇಲಿ ಬಂದರೆ ಹಿಂದೆಯೇ ಹುಳ ಬರುತ್ತದೆ, ಮಲಗುವುದಾದರೆ ಮಂಚದ ಮೇಲೆ ಮಲಗಿ ಎಂದು ಹೇಳಿದ್ದನ್ನೇ ಹೇಳುತ್ತಾರೆ. ಹೆಂಗಸರು ಅವರ ದನಿಯನ್ನು ಅಣಕಿಸಿ ನಗುತ್ತಾರೆ. ನಗುತ್ತಲೇ ಕೋಲು ತೆಗೆದುಕೊಳ್ಳುತ್ತಾರೆ.

ಈ ಮಳೆಗಾಲದಲ್ಲಿ ಅವರಲ್ಲಿಗೆ ಹನ್ನೊಂದು ಜನರಿಗೆ ಹುಳ ಮುಟ್ಟಿದ ಸುದ್ದಿ ಬಂದಿದೆ. ಒಂಬತ್ತು ಜನ ಉಳಿದಿದ್ದಾರೆ. ಕೇಳಿದರೆ ಜುಂಜಯ್ಯ ಉಳಿದವರ ಮಾತೆತ್ತುವುದಿಲ್ಲ, ಹೋದ ಇಬ್ಬರ ಹೆಸರನ್ನಷ್ಟೇ ಹೇಳುತ್ತಾರೆ.

ಉಳಿದ ಒಂಬತ್ತರಲ್ಲಿ ಕಾಳಕ್ಕನೂ ಒಬ್ಬಳು. ಅಂದು ಅವಳು ಕುಳ್ಳು ತೆಗೆಯುವಾಗ ರಾಶಿಯ ಬುಡದಲ್ಲಿದ್ದ ನಾಗರ ಹಿಮ್ಮಡಿಗೆ ಹಲ್ಲೂರಿತ್ತು. ಮೈದುನ ಕಾಟಲಿಂಗಪ್ಪ ಜುಂಜಯ್ಯನವರ ಮನೆಗೆ ಓಡಿದ. ಸುದ್ದಿ ತಂದವನು ಕೂರಬಾರದು, ಅವನ ಹೆಗಲ ಮೇಲಿನ ವಲ್ಲಿಗೆ ಮಂತ್ರಗಾರ ಗಂಟು ಹಾಕಬೇಕು, ಆ ಗಂಟಿನಲ್ಲಿ ವಿಷ ನಿಲ್ಲುತ್ತದೆ ಎನ್ನುವುದು ಹಳೆಯ ಪದ್ಧತಿ.

"ಗಂಟು ನಿನ್ನ ವಲ್ಲೀಗೆ ಬಿದ್ದೈತೆ. ಇನ್ನು ಆಕೆ ಕಾಲಿಗೆ ಹಗ್ಗ ಬಿಗಿದ್ರೆ ಮಂತ್ರ ಒಡೀತೈತೆ. ಕುಡುಗೋಲು ತಾಗಿಸಿದ್ರೂ ಒಡೀತೈತೆ. ಕಾಲು ನೆಲ ಮುಟ್ಟಂಗಿಲ್ಲ, ತಿಳೀತೇನಪ್ಪ?" ಎಂದು ಜುಂಜಯ್ಯ ಗದರಿದರು.

ಮನೆಯವರು ಕಾಳಕ್ಕನನ್ನು ಅಲುಗದಂತೆ ಮಲಗಿಸಿ, ಕಾಲಿಗೆ ಬಿದಿರಿನ ದಬ್ಬೆ ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿದರು. ಕಂಬಳಿ ಜೋಲಿಯಲ್ಲಿ ಎತ್ತಿ ಗಾಡಿಗೆ ಹಾಕಿದರು. ಮಂತ್ರ ಹಿರಿಯೂರು ಆಸ್ಪತ್ರೆಯ ಬಾಗಿಲಲ್ಲೇ ಮುಗಿಯಬೇಕೆಂಬುದು ಜುಂಜಯ್ಯನವರ ಇನ್ನೊಂದು ಕಟ್ಟಳೆ. ದಾರಿಯುದ್ದಕ್ಕೂ ಅವರು ಅವಳ ತಲೆಯ ಬಳಿ ಕೂತು ಏನೋ ಗುನುಗುತ್ತಲೇ ಇದ್ದರು. ರೆಪ್ಪೆ ಜೋತುಬಿದ್ದರೂ ಕಾಳಕ್ಕ ಗಾಬರಿಯಾಗಲಿಲ್ಲ. ಡಾಕ್ಟರ ಬಳಿ ಅಂದು ಸೂಜಿಮದ್ದು ಇತ್ತು. ಅದು ಇರುವ ದಿನಗಳೂ ಉಂಟು, ಇಲ್ಲದ ದಿನಗಳೂ ಉಂಟು.

"ಅದೇನು ಮಂತ್ರ ತಾತ, ಬೇವಿನ ಮಡಿ, ಕೆಂಚನ ಹೊಲ ಅಂತಿದ್ದೆಯಲ್ಲ?" ಎಂದು ಕಾಳಕ್ಕ ಈಗಲೂ ಕೇಳುತ್ತಾಳೆ. ಜುಂಜಯ್ಯ ಹಲ್ಲಿಲ್ಲದ ಸಂದು ಕಾಣುವಂತೆ ನಕ್ಕು ಮುಂದಿನ ಹಿತ್ತಿಲಿಗೆ ನಡೆಯುತ್ತಾರೆ.

ಅವು ಹೊಲಗಳ ಹೆಸರುಗಳು. ಮಾರಿಕಣಿವೆಗೆ ಕಟ್ಟೆ ಕಟ್ಟಿ ನೀರು ನಿಂತಾಗ ಮುಳುಗಿದ ಅವರ ಹಳೆಯ ಊರಿನ ಹೊಲಗಳು. ಹದಿನೈದು ವರ್ಷವಾಯಿತು. ಆ ಊರಿನ ಅವರೆಕಾಯಿಯ ಸೊಗಡು ಇಲ್ಲಿಯದಕ್ಕಿಲ್ಲ ಎಂದು ಇಂದಿಗೂ ಹಲುಬುತ್ತಾರೆ. ಹೊಳೆಯಲ್ಲಿ ತಮ್ಮ ಗುಡ್ಡಪ್ಪನ ಜೊತೆ ಎತ್ತು ಮೈತೊಳೆಸಿದ್ದು, ಸೂರ್ಯಗ್ರಹಣದ ದಿನ ಸೊಂಟಮಟ್ಟ ನೀರಲ್ಲಿ ನಿಲ್ಲಿಸಿ ಅಪ್ಪ ಮಂತ್ರ ಹೇಳಿಕೊಟ್ಟಿದ್ದು, ದಡದಲ್ಲಿ ಕೂತ ಗುಡ್ಡಪ್ಪ ಕಲ್ಲೆಸೆದು ನಗಿಸಿದ್ದು, ಎಲ್ಲವನ್ನೂ ನಿನ್ನೆ ನಡೆದಂತೆ ಹೇಳುತ್ತಾರೆ.

ನೀರು ಏರುತ್ತಾ ಬಂದಂತೆ ಬಿಲ ಬಿಟ್ಟ ಹಾವುಗಳೆಲ್ಲ ದಿಬ್ಬಕ್ಕೆ ಬಂದವು. ಸಾಮಾನು ಸಾಗಿಸುತ್ತಿದ್ದ ಗುಡ್ಡಪ್ಪನ ಪಾದಕ್ಕೆ ಒಂದು ಹಲ್ಲೂರಿತು. ನಿದ್ದೆ ಬಂದರೆ ವಿಷ ತಲೆಗೇರುತ್ತದೆಂದು ಅಪ್ಪ ಕಲಿಸಿದ್ದರು. ಜುಂಜಯ್ಯ ತಮ್ಮನಿಗೆ ಬೇವು ಅಗಿಸಿದರು, ಕಾಲಿಗೆ ಹುರಿ ಬಿಗಿದರು, ರಟ್ಟೆ ಹಿಡಿದು ಗುಡಿಯ ಸುತ್ತ ನಡೆಸಿದರು. "ಅಣ್ಣ, ಕುಂತ್ಕಂತೀನಿ ಕಣೋ" ಅಂದ ಗುಡ್ಡಪ್ಪ. ಅವರು ಕೂರಲು ಬಿಡಲಿಲ್ಲ. ಏಳನೆಯ ಸುತ್ತಿಗೆ ಗುಡ್ಡಪ್ಪ ಬಿದ್ದ.

ಮರುವರ್ಷ ಯಲ್ಲದಕೆರೆಯಲ್ಲಿ ಕಾಲಿಲ್ಲದವನೊಬ್ಬನಿಗೆ ಕೈಗೆ ನಾಗರ ಮುಟ್ಟಿತು. ನಡೆಸಲಾಗದೆ ಹೊತ್ತುಕೊಂಡು ಆಸ್ಪತ್ರೆಗೆ ಹೋದರು. ಬದುಕಿದ. ಜುಂಜಯ್ಯ ಡಾಕ್ಟರ ಮುಂದೆ ಕೈಕಟ್ಟಿ ನಿಂತು ಕಾರಣ ಕೇಳಿದರು. ನಡೆಸಿದರೆ ವಿಷ ಬೇಗ ಹರಡುತ್ತದೆ, ಬಿಗಿದರೆ ಕಾಲು ಕೊಳೆಯುತ್ತದೆ, ಕೊಯ್ದರೆ ಗಾಯವೊಂದು ಹೆಚ್ಚುತ್ತದೆ ಎಂದರು ಡಾಕ್ಟರು. ಡಾಕ್ಟರ ಮಾತೆಂದರೆ ಊರು ಕೇಳುವುದಿಲ್ಲ, ಮಂತ್ರದ ಕಟ್ಟಳೆಯೆಂದರೆ ತಲೆಬಾಗುತ್ತದೆ. ಅಂದಿನಿಂದ ಎಲ್ಲವನ್ನೂ ಅಪ್ಪನ ಕಟ್ಟಳೆ ಎಂದೇ ಹೇಳುತ್ತ ಬಂದಿದ್ದಾರೆ.

ಊರಿಗೆ ಸುಳ್ಳು ಹೇಳಿದ ಅಳುಕು ಅವರಿಗಿಲ್ಲ. ಅಳುಕೆಲ್ಲ ಒಬ್ಬರೆದುರು ಮಾತ್ರ. ಗುಡ್ಡಪ್ಪನ ಹೆಂಡತಿ ಯಲ್ಲಕ್ಕ ಅವರದೇ ಮನೆಯಲ್ಲಿದ್ದಾಳೆ, ಹದಿನೈದು ವರ್ಷದಿಂದ ಅವರಿಗೆ ಮುದ್ದೆ ಬಡಿಸುತ್ತಿದ್ದಾಳೆ. ಈ ಕಟ್ಟಳೆ ಅಪ್ಪನದಲ್ಲ ಎಂದು ತಿಳಿದ ದಿನ, ಕೂರಲು ಬಿಟ್ಟಿದ್ದರೆ ಗಂಡ ಉಳಿಯುತ್ತಿದ್ದನೇನೋ ಎಂಬುದೂ ಅವಳಿಗೆ ತಿಳಿಯುತ್ತದೆ. ಅದಕ್ಕೇ ಅವಳೆದುರು ಮಂತ್ರದ ಮಾತೇ ಬೇಡ.

ಸುತ್ತು ಮುಗಿಸಿ ಬಂದ ಜುಂಜಯ್ಯ ಜಗಲಿಯ ಮೇಲೆ ಕೂತಿದ್ದಾರೆ. ಉಸಿರು ಹಿಡಿಯುತ್ತಿದೆ. ಯಲ್ಲಕ್ಕ ಅಂಬಲಿ ತಂದಿಡುತ್ತಾಳೆ.

"ನೀನಾದ್ಮೇಲೆ ಇದನ್ನೆಲ್ಲ ಯಾರು ನೋಡ್ಕಂತಾರೆ ಬಾವ?"

"ಅಪ್ಪನ ವಿದ್ಯೆ. ಕೇಳಿ ಬರೋರಿದ್ರೆ ತಾನೆ."

"ಮಾವಂದಲ್ಲ ಬಿಡು ಇದು" ಎನ್ನುತ್ತಾಳೆ ಯಲ್ಲಕ್ಕ. "ಮಾವ ಇದ್ದಾಗ ಎಲ್ರನ್ನೂ ನಡೆಸ್ತಿದ್ರು. ಅವತ್ತು ನಮ್ಮ ಮನೆಯವ್ರ ಇನ್ನೊಂದು ರಟ್ಟೆ ಹಿಡಿದಿದ್ದೋಳು ನಾನೇ ಅಲ್ವಾ. ನೀನು ಮೊದಲ್ನೇ ಸಲ ಇನ್ನೊಬ್ರನ್ನ ಹೊತ್ಕಂಡು ಹೋಗ್ರಿ ಅಂದ ದಿನಾನೇ ನಂಗೆ ತಿಳೀತು."

ಜುಂಜಯ್ಯ ತಲೆ ಎತ್ತುವುದಿಲ್ಲ. ಕಣ್ಣೀರು ಗಡ್ಡಕ್ಕಿಳಿಯುತ್ತದೆ, ಒರೆಸಿಕೊಳ್ಳುವುದೂ ಇಲ್ಲ. "ಬೈದುಬಿಡು ಯಲ್ಲಕ್ಕ" ಎನ್ನುತ್ತಾರೆ.

"ಬೈಯೋದಿದ್ರೆ ಇಬ್ರನ್ನೂ ಬೈಬೇಕು. ಅಂಬಲಿ ಕುಡಿ."

ಅಂಬಲಿ ಕುಡಿದು ಬಟ್ಟಲು ಕೆಳಗಿಟ್ಟು ಜುಂಜಯ್ಯ ಮೆಲ್ಲಗೆ ಹೇಳುತ್ತಾರೆ, ಮಂತ್ರವನ್ನು ಹೆಂಗಸರಿಗೆ ಕೊಡುವಂತಿಲ್ಲ ಎಂದು.

"ಮಂತ್ರ ನೀನೇ ಇಟ್ಕ" ಎನ್ನುತ್ತಾಳೆ ಯಲ್ಲಕ್ಕ. "ನಡೆಸಬ್ಯಾಡ್ರಿ ಅನ್ನಾಕೆ ನಂಗೂ ಬಾಯಿ ಐತೆ."