ಕಾರಿಗೂ ಒಂದು ಹಗ್ಗ

“ತಡಿಯೋ, ಮೊದಲ ಹಗ್ಗ ಬಿಚ್ಕೊ!”

ಮೂಡಲಗಿಯ ನಮ್ಮ ಮನೆ ಮುಂದೆ ಮಾರಿದ ಹಳೆಯ ಕಾರಿನ ಚಾವಿ ಕೊಡುತ್ತಿದ್ದೆ. ಅವ್ವ ಕಟ್ಟೆಯ ಮೇಲಿಂದ ಕೂಗಿದಳು. ಎತ್ತು ಮಾರಿದರೂ ನಮ್ಮವರು ಹಗ್ಗ ಕೊಡುವುದಿಲ್ಲ. ಹಗ್ಗದ ಜೊತೆ ಮನೆಯ ಲಕ್ಷ್ಮಿಯೂ ಹೋಗುತ್ತಾಳಂತೆ. ನನಗೆ ನಗು ತಡೆಯಲಾಗಲಿಲ್ಲ.

ಕಾರು ಕೊಳ್ಳಲು ಬಂದಿದ್ದ ಕಲ್ಲೋಳಿಯ ಕಿರಾಣಿ ಅಂಗಡಿಯವರು ಮಾತ್ರ ನಗಲಿಲ್ಲ. “ಅವ್ವಾರು ಖರೇನ ಹೇಳತಾರ್ರಿ. ಇಷ್ಟು ವರ್ಷ ಕ್ಲೇಮ್ ಮಾಡದ್ದಕ್ಕ ಇನ್ಶೂರೆನ್ಸದಾಗ ಸಿಗೂ ರಿಯಾಯ್ತಿ ಕಾರಿಂದಲ್ಲ, ನಿಮ್ದು. ಕಾರು ನನ್ನ ಹೆಸರಿಗಾದ ಮ್ಯಾಲ ಕಂಪನಿಯಿಂದ ಪತ್ರ ಬರಿಸ್ಕೋರಿ. ಮೂರು ವರ್ಷದೊಳಗ ಹೊಸಾ ಕಾರು ತಗೊಂಡ್ರ ಅದಕ್ಕ ನಡೀತೈತಿ. ನಾ ನನ್ನ ಹಳೇ ಕಾರು ಮಾರೂಮುಂದ ಪತ್ರ ತಗೊಳ್ದ ಆ ರಿಯಾಯ್ತಿ ಕಳ್ಕೊಂಡೆ ನೋಡ್ರಿ” ಎಂದರು. ಆಮೇಲೆ ವಿಮೆಯವರನ್ನು ಕೇಳಿದೆ. ಅಂಗಡಿಯವರ ಮಾತು ನಿಜವಾಗಿತ್ತು; ಪತ್ರವೂ ಬಂತು.

ಹೊಸ ಕಾರು ಇನ್ನೂ ಬಂದಿಲ್ಲ. ಗೋಕಾಕಕ್ಕೆ ಬಸ್ಸಿನಲ್ಲೇ ಓಡಾಡುತ್ತೇನೆ. ಆ ಪತ್ರವನ್ನು ಕಪಾಟಿನಲ್ಲಿಡಲು ಅವ್ವ ಬಿಡಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೊಟ್ಟಿಗೆಯ ಗೂಟಕ್ಕೆ, ಮಾರಿದ ಎತ್ತುಗಳ ಹಗ್ಗದ ಪಕ್ಕ ನೇತುಹಾಕಿದ್ದಾಳೆ.