ಅಪ್ಪನ ಹೆಬ್ಬೆಟ್ಟು ಹುಡುಕಿಕೊಂಡು

ಸೈನ್ಯದ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಯ ಲಿಖಿತ ಪರೀಕ್ಷೆಯಲ್ಲಿ ನಾನು ಪಾಸಾಗಿದ್ದೇನೆ ಎಂಬ ಕಾಗದ ಚಿತ್ರದುರ್ಗದ ಹಾಸ್ಟೆಲಿಗೆ ಬಂದಾಗ ಮೊದಲು ಕುಣಿದಾಡಿದೆ. ಆಮೇಲೆ ಪೂರ್ತಿ ಓದಿದೆ. ಸೋಮವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಹಾಜರಾಗಬೇಕು. ಬರುವಾಗ ಜೊತೆಗಿಟ್ಟಿರುವ ಒಪ್ಪಿಗೆ ಪತ್ರಕ್ಕೆ ತಂದೆಯ ಸಹಿ ಮಾಡಿಸಿ, ಒಬ್ಬರ ಸಾಕ್ಷಿ ಹಾಕಿಸಿ ತರಬೇಕು. ತರದಿದ್ದರೆ ಒಳಗೇ ಬಿಡುವುದಿಲ್ಲ. ಕಾಗದ ನನ್ನ ಕೈಗೆ ಬಂದದ್ದು ಶುಕ್ರವಾರ ಸಂಜೆ. ಅಪ್ಪ ಎಲ್ಲಿದ್ದಾನೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಬಾಂಗ್ಲಾ ಯುದ್ಧ ಮುಗಿದು ಒಂದೆರಡು ವರ್ಷವಾಗಿದ್ದ ಕಾಲ ಅದು. ನಮ್ಮ ಮನೆ ಇದ್ದದ್ದು ಐಮಂಗಲದ ಹತ್ತಿರದ ಹಟ್ಟಿಯಲ್ಲಿ. ಸುಗ್ಗಿ ಮುಗಿದ ಕೂಡಲೇ ಅಪ್ಪ ಅವ್ವನನ್ನು ಮನೆಯಲ್ಲೇ ಬಿಟ್ಟು, ನಮ್ಮ ಕುರಿಗಳ ಜೊತೆಗೆ ನೆಂಟರಿಷ್ಟರ ಕುರಿಗಳನ್ನೂ ಸೇರಿಸಿಕೊಂಡು ಪಡುವಣ ದಿಕ್ಕಿಗೆ ಹೊರಟುಬಿಡುತ್ತಿದ್ದ. ರಾತ್ರಿ ಯಾರದಾದರೂ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬುವುದು, ಅವರು ಕೊಟ್ಟ ರಾಗಿ ತೆಗೆದುಕೊಂಡು ಮುಂದಿನ ಹೊಲಕ್ಕೆ ಸಾಗುವುದು. ಇಂಥವನಿಗೆ ಯಾವ ವಿಳಾಸಕ್ಕೆ ಕಾಗದ ಬರೆಯುವುದು? ಅಕಾಡೆಮಿಗೆ ಅರ್ಜಿ ಹಾಕಿದ್ದನ್ನೂ ನಾನು ಅವನಿಗೆ ಹೇಳಿರಲಿಲ್ಲ. ಹೇಳಲು ಅವನು ಊರಲ್ಲಿ ಇದ್ದರಲ್ಲವೇ.

ಮಂದೆ ತಾಳ್ಯದ ಕಡೆ ಇದೆ ಎಂದು ಸಂತೆಯಲ್ಲಿ ಸಿಕ್ಕಿದ್ದ ನೆಂಟರೊಬ್ಬರು ಹಿಂದೊಮ್ಮೆ ಹೇಳಿದ್ದರು. ಅದೊಂದೇ ಆಧಾರ. ಕಾಲೇಜಿನ ಗುಮಾಸ್ತರನ್ನು ಕಾಡಿ ಅಪ್ಪನ ಹೆಬ್ಬೆಟ್ಟಿಗೆಂದು ಶಾಯಿ ಪ್ಯಾಡು ಇಸಿದುಕೊಂಡು, ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊಳಲ್ಕೆರೆಗೆ ಹೋಗಿ, ಅಲ್ಲಿಂದ ತಾಳ್ಯ ಮುಟ್ಟಿದೆ. ಊರ ಹೊರಗಿನ ಹೊಲವೊಂದರ ತುಂಬ ಕುರಿಹಿಕ್ಕೆ ಬಿದ್ದಿತ್ತು. ಕುರಿ ಮಾತ್ರ ಒಂದೂ ಇರಲಿಲ್ಲ.

"ಎದ್ದೋದ್ರು ಕಣಪ್ಪ," ಎಂದ ಆ ಹೊಲದವನು. "ಮಾಡದಕೆರೆ ಕಡೀಗೆ ಅಂದಂಗಿತ್ತು. ಇಲ್ಲಾಂದ್ರೆ ಭದ್ರಾವತಿ ಕಡೀಗೂ ಹೋಗಿರಬೋದು."

ಎರಡೂ ಕಡೆ ಹುಡುಕಲು ಸಮಯವಿರಲಿಲ್ಲ. ಮಾಡದಕೆರೆಯೇ ಇರಲಿ ಎಂದು ಹೊಸದುರ್ಗದ ಬಸ್ಸು ಹಿಡಿದೆ. ಅಲ್ಲಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಮಲಗಿ, ಭಾನುವಾರ ಬೆಳಿಗ್ಗೆ ಮಾಡದಕೆರೆಯಲ್ಲಿ ಇಳಿದೆ. ಅಲ್ಲಿಂದ ವಾಪಸು ಹೊರಡುವ ಮಧ್ಯಾಹ್ನದ ಬಸ್ಸು ತಪ್ಪಿದರೆ ಹಿರಿಯೂರಿನಲ್ಲಿ ಬೆಂಗಳೂರಿನ ಬಸ್ಸು ಸಿಗುವುದಿಲ್ಲ ಎಂದು ಕಂಡಕ್ಟರ್ ಹೇಳಿದ್ದ.

ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸಿದರು. ಕೊನೆಗೆ ಬಂಡಿದಾರಿಯ ಪಕ್ಕದ ಜಾಲಿ ಮರಗಳಲ್ಲಿ ಕುರಿಗಳ ಮೇವಿಗೆಂದು ಹೊಸದಾಗಿ ಕೊಂಬೆ ಕೊಯ್ದ ಗುರುತು ಕಂಡಿತು. ಕೆಳಗೆ ಬಿದ್ದ ಸೊಪ್ಪು ಇನ್ನೂ ಬಾಡಿರಲಿಲ್ಲ. ಅದರ ಜಾಡು ಹಿಡಿದು ಓಡಿದೆ. ಮರಗಳು ಮುಗಿದಲ್ಲಿ ಮಂದೆ ಕಂಡಿತು, ಹುಣಸೆಮರದ ನೆರಳಿನಲ್ಲಿ ಕಂಬಳಿ ಹಾಸಿ ಕೂತಿದ್ದ ಅಪ್ಪನೂ ಕಂಡ. ಪಕ್ಕದಲ್ಲಿ ಆ ಹೊಲದ ಗೌಡರು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

"ಏನ್ಲಾ, ಅವ್ವ ಹುಷಾರಾಗೈತಾ?" ಎಂದು ಅಪ್ಪ ಎದ್ದೇಬಿಟ್ಟ. ನಾನು ಹೇಳದೆ ಕೇಳದೆ ಬಂದದ್ದು ಕಂಡು ಕೆಟ್ಟ ಸುದ್ದಿಯೇ ಎಂದುಕೊಂಡಿದ್ದ.

ಅವ್ವ ಚೆನ್ನಾಗಿದ್ದಾಳೆ ಎಂದು ಹೇಳಿ, ಬಂದ ವಿಷಯ ತಿಳಿಸಿದೆ. ಮಿಲಿಟರಿ ಆಫೀಸರ್ ಆಗುವ ಓದು, ಊಟ ಬಟ್ಟೆ ಎಲ್ಲ ಅವರದೇ ಎಂದೆ. ಅಪ್ಪನ ಮುಖ ಅರಳಿತು. ಗೌಡರು, "ಭಲೇ, ಸಾಕ್ಷಿ ನಾನೇ ಹಾಕ್ತೀನಿ," ಎಂದರು. ಇಷ್ಟು ಸಲೀಸೇ ಎಂದು ನಾನು ಪ್ಯಾಡು ತೆರೆದೆ.

"ಅದ್ರಾಗೆ ಏನು ಬರ್ದೈತೆ, ಓದು," ಎಂದ ಅಪ್ಪ.

ಪತ್ರ ಇಂಗ್ಲಿಷಿನಲ್ಲಿತ್ತು. ಮಧ್ಯದ ಸಾಲನ್ನು ನುಂಗಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಪೂರ್ತಿ ಹೇಳಿದೆ. ದೈಹಿಕ ಪರೀಕ್ಷೆಯಲ್ಲಾಗಲಿ ತರಬೇತಿಯಲ್ಲಾಗಲಿ ನನ್ನ ಮಗನಿಗೆ ಗಾಯವಾದರೆ, ಪ್ರಾಣ ಹೋದರೆ, ನಾನು ಸರ್ಕಾರವನ್ನು ಏನೂ ಕೇಳುವುದಿಲ್ಲ ಎಂದಿತ್ತು.

"ಏನೂ ಕೇಳಾದಿಲ್ಲ ಅಂದ್ರೆ?"

"ಪರಿಹಾರ ಗಿರಿಹಾರ ಅಪ್ಪ."

"ಅದಲ್ಲ. ಎಂಗಾಯ್ತು ಅಂತಾನೂ ಕೇಳಂಗಿಲ್ವ?"

ನಾನು ಪತ್ರದ ಆ ಸಾಲನ್ನೇ ಮತ್ತೆ ಓದಿಕೊಂಡೆ.

ಅಪ್ಪ ಚೀಲಕ್ಕೆ ಕೈ ಹಾಕಿ ದಾರವೊಂದನ್ನು ಹೊರಗೆಳೆದ. ಅದರಲ್ಲಿ ಕುರಿಯ ಒಣಗಿದ ಕಿವಿಗಳನ್ನು ಪೋಣಿಸಿದ್ದ. ನಮ್ಮಲ್ಲಿ ಬೇರೆಯವರ ಕುರಿ ಮೇಯಿಸಲು ಕರೆದೊಯ್ದವನು, ಅದು ಸತ್ತರೆ ಕಿವಿ ಕೊಯ್ದಿಟ್ಟುಕೊಂಡು ಒಡೆಯನಿಗೆ ತಂದು ತೋರಿಸಬೇಕು. ಇಲ್ಲದಿದ್ದರೆ ಮಾರಿಕೊಂಡ ಎನ್ನುತ್ತಾರೆ.

"ಇದು ನಿಮ್ಮ ದೊಡ್ಡವ್ವನ ಕುರೀದು. ಕಾಲು ಮುರ್ಕಂಡು ಸತ್ತೋತು. ಊರಿಗೋದ ದಿನ ಇದನ್ನ ಆಯಮ್ಮನ ಕೈಗಿಕ್ಕಿ, ಹಿಂಗಿಂಗಾಯ್ತು ಅಂತ ಹೇಳ್ಬೇಕು ನಾನು. ಕುರಿಗೇ ಇಷ್ಟೈತೆ. ಮಗನ್ನ ಕರ್ಕಂಡೋಗಿ, ಏನೂ ಕೇಳ್ಬ್ಯಾಡ ಅಂದ್ರೆ ಯಾವ ನ್ಯಾಯ?"

"ಎಲ್ರಿಗೂ ಒಂದೇ ಕಾಗ್ದ ಕಣಯ್ಯ. ನಿನ್ನ ಮಗನಿಗೆ ಅಂತ ಬ್ಯಾರೆ ಬರೀತಾರಾ?" ಎಂದರು ಗೌಡರು.

"ನಿಮ್ಮ ಮಗನಾಗಿದ್ರೆ ಒತ್ತುತಿದ್ರಾ ಗೌಡ್ರೆ?"

ಗೌಡರು ಎಲೆಗೆ ಸುಣ್ಣ ಸವರುವುದರಲ್ಲಿ ಮಗ್ನರಾದರು.

ಏನಾದರೂ ಆದರೆ ಬಂದು ಹೇಳುತ್ತೇವೆ ಎಂದು ಕಾಗದದಲ್ಲಿ ಬರೆದರೆ ಮಾತ್ರ ಹೆಬ್ಬೆಟ್ಟು ಎಂದು ಅಪ್ಪ ಪಟ್ಟು ಹಿಡಿದ. ಒಂದಕ್ಷರ ಸೇರಿಸಿದರೂ ಪತ್ರ ಕೆಡುತ್ತದೆ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಹೊತ್ತು ಜಾರುತ್ತಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಹಂಗಾದ್ರೆ ಬಿಡು, ಇಲ್ಲೇ ಕುರಿ ಕಾಯ್ತೀನಿ," ಎಂದೆ.

"ಕಾಯಿ. ಬ್ಯಾಡ ಅಂದೋರ್ಯಾರು?"

ಅವನ ಮೇಲೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಅಷ್ಟು ಓದಿ, ಅಷ್ಟು ದೂರ ಅಲೆದು, ಇದೊಂದು ಮಾತಿಗೆ ಎಲ್ಲ ಮಣ್ಣುಪಾಲಾಯಿತು ಎಂದು ಪ್ಯಾಡನ್ನು ರಪ್ಪನೆ ಮುಚ್ಚಿದೆ. ಅಷ್ಟಿಷ್ಟು ಇಂಗ್ಲಿಷ್ ಬಲ್ಲ ಗೌಡರು ಸುಮ್ಮನಿರಲಾರದೆ ಪತ್ರದ ಜೊತೆಗಿದ್ದ ಹಾಳೆಗಳನ್ನು ತಿರುವಿ ಹಾಕುತ್ತ, "ಇದೇನು, ಮೈಮ್ಯಾಲಿನ ಗುರುತು ಅಂತ ಕೇಳವ್ರೆ," ಎಂದರು. ಕೆನ್ನೆಯ ಮೇಲಿನ ಮಚ್ಚೆ ಎಂದು ನಾನು ಬರೆದಿದ್ದೆ. ಇನ್ನೊಂದು ಗುರುತಿನ ಜಾಗ ಖಾಲಿಯಿತ್ತು.

"ಗುರುತು ಯಾಕೆ?" ಎಂದ ಅಪ್ಪ.

"ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಇವನು ಇಂಥೋರ ಮಗ ಅಂತ ಗೊತ್ತಾಗ್ಬೇಕಲ್ಲಯ್ಯ."

ಗೌಡರ ಬಾಯಿಗೆ ಬೀಗ ಹಾಕಬೇಕು ಎನ್ನಿಸಿತು. ಇನ್ನು ಮುಗಿಯಿತು ಎಂದುಕೊಂಡೆ. ಅಪ್ಪ ಮಾತ್ರ ನಿಧಾನವಾಗಿ ಕೇಳಿದ: "ಹಂಗಾದ್ರೆ ತಿಳಿಸ್ತಾರೆ ಅನ್ರಿ."

"ತಿಳಿಸ್ದೆ ಏನು, ತಂತಿ ಬರ್ತೈತೆ."

ಅಪ್ಪ ನನ್ನ ಕಡೆ ತಿರುಗಿದ. "ಮಚ್ಚೆ ಆಗಾಕಿಲ್ಲ."

"ಯಾಕೆ?"

"ಮಖ ಏನಾಗಿರ್ತೈತೋ. ಹೊಟ್ಟೆ ಮ್ಯಾಲಿನ ಬರೆ ಐತಲ್ಲ, ಅದನ್ನ ಬರಿ."

ನಾನು ಕೂಸಾಗಿದ್ದಾಗ ಹೊಟ್ಟೆ ಉಬ್ಬರಿಸಿ, ಇವನು ಉಳಿಯುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರಂತೆ. ಆಗ ಅಪ್ಪ ಕಾಯಿಲೆ ಕುರಿಗಳಿಗೆ ಬರೆ ಹಾಕುವ ಕಬ್ಬಿಣವನ್ನೇ ಕಾಯಿಸಿ ಹೊಕ್ಕುಳ ಪಕ್ಕ ಇಟ್ಟಿದ್ದ. ಅವ್ವ ನನ್ನ ಕೈಕಾಲು ಹಿಡಿದುಕೊಂಡಿದ್ದಳು.

"ನಿಮ್ಮವ್ವ ಅದನ್ನ ಕಣ್ಣು ಮುಚ್ಚಿ ಕೈಯಾಡಿಸಿದ್ರೂ ಗುರುತು ಹಿಡೀತಾಳೆ," ಎಂದ ಅಪ್ಪ.

ಖಾಲಿ ಜಾಗದಲ್ಲಿ ಬರೆದೆ. ಅದನ್ನು ಎರಡು ಸಲ ಓದಿಸಿ ಕೇಳಿದ ಮೇಲೆ ಅಪ್ಪ ಹೆಬ್ಬೆಟ್ಟು ಒತ್ತಿದ. ಗೌಡರು ಸಾಕ್ಷಿ ಹಾಕಿದರು.

"ಅವ್ವಂಗೆ ಏನು ಹೇಳ್ತೀಯಾ?" ಎಂದು ಕೇಳಿದೆ.

"ಮಗ ಆಫೀಸರ್ ಆಗ್ತಾನೆ ಅಂತೀನಿ. ಬರೆ ಬರ್ಸಿದ್ದು ಹೇಳಾಕಿಲ್ಲ. ನೀನೂ ಹೇಳ್ಬ್ಯಾಡ. ಹೊರಡು, ಬಸ್ಸು ತಪ್ಪೀತು."

ಸಂದರ್ಶನ ಚೆನ್ನಾಗಿಯೇ ಆಯಿತು, ಅಕಾಡೆಮಿಗೂ ಸೇರಿದೆ. ಆದರೆ ಆ ಭಾನುವಾರ ಸಂಜೆ ಹಿರಿಯೂರಿನಲ್ಲಿ ಬೆಂಗಳೂರಿನ ಬಸ್ಸು ಬಂದು ನಿಂತಾಗ ನಾನು ಹತ್ತದೆ ನಿಂತೇ ಇದ್ದೆ. ಅಲ್ಲಿಯವರೆಗೆ ನನಗಿದ್ದದ್ದು ಅಪ್ಪ ಸಿಗದಿದ್ದರೆ, ಸಿಕ್ಕೂ ಒಪ್ಪದಿದ್ದರೆ ಎಂಬ ಹೆದರಿಕೆಯೊಂದೇ. ಈಗ ಅವ್ವನ ಕೈ ನನ್ನ ಹೊಟ್ಟೆಯ ಮೇಲೆ ಆ ಬರೆಯನ್ನು ಹುಡುಕುತ್ತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಅವ್ವನಿದ್ದ ಕಡೆಗೆ ಹೋಗುವ ಐಮಂಗಲದ ಬಸ್ಸೂ ಪಕ್ಕದಲ್ಲೇ ನಿಂತಿತ್ತು. "ಏನಪ್ಪ, ಬರ್ತೀಯೋ ಇಲ್ವೋ?" ಎಂದು ಕಂಡಕ್ಟರ್ ರೇಗಿದ. ಚೀಲವನ್ನು ಎದೆಗೆ ಅವುಚಿಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ.